ಮೂರು ಸಲದ ಕಾಯ್ದೆ

ಹಿರೇಕೆರೂರಿನ ನಿಂಗವ್ವಜ್ಜಿಗೆ ಕಾಲು ಸ್ವಾಧೀನ ಇರಲಿಲ್ಲ. ಎಂಬತ್ತರ ದಶಕದಾಗ ಆಕಿನ್ನ ನೋಡ್ಕೊಳ್ಳೋ ಕೆಲಸ ನಂದಿತ್ತು. ನನಗ ಆಟಿಸಂ ಐತಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. "ಹೇಳಿದಷ್ಟ ತಿಳಿಯೋ ಹುಡುಗಿ" ಅಂತಿದ್ರು.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂತ ಕೇಳಿದ್ರ ಅಜ್ಜಿ "ಬ್ಯಾಡವ್ವಾ" ಅನ್ನಾಕಿ. ನಾ ಬುಟ್ಟಿ ಮುಚ್ಚಿ ಒಳಗಿಡ್ತಿದ್ದೆ. ಎದ್ದು ಹೋಗಿ ತಗೊಳ್ಳಾಕ ಆಕಿಗೆ ಆಗ್ತಿರಲಿಲ್ಲ. ಹದಿನೈದು ದಿನದಾಗ ಸೊರಗಿದ್ಲು. ಆಕಿ ಮಗಳು ನನಗ, "ನಾಳಿಂದ ಬರಬ್ಯಾಡ" ಅಂದಾಗ ಅಜ್ಜಿ ಬಾಯಿಬಿಟ್ಲು.

"ಒಮ್ಮೆ ಕೇಳಿದ್ರ ಯಾರರ ಹೂಂ ಅಂತಾರೇನ? ಮೂರು ಸಲ ಒತ್ತಾಯ ಮಾಡಬೇಕ ತಂಗಿ!"

"ಮೊದಲ ದಿನಾನ ಹೇಳಬಾರದೇನ್ರಿ?"

"ಇದನ್ನೂ ಹೇಳಬೇಕೇನ?"

ಕೆಲಸ ಉಳೀತು. ನನಗ ಕಾಯ್ದೆ ಅಂದ್ರ ಭಾಳ ಪ್ರೀತಿ. ಮರುದಿನ ಅಜ್ಜಿ ಮೂರು ರೊಟ್ಟಿ ಉಂಡ್ಲು. ಆಮ್ಯಾಲ ಕಹಿ ಕಷಾಯ ಹಿಡಿದೆ.

"ಬ್ಯಾಡ," ಅಂದ್ಲು. ಮತ್ತ ಕೇಳಿದೆ.

"ಬ್ಯಾಡ ಅಂದ್ನೆಲ್ಲ!"

ಮೂರನೇ ಸಲ ಕೇಳಿದಾಗ ನನ್ನ ದಿಟ್ಟಿಸಿ ನೋಡಿ, ಬಟ್ಟಲ ಕಸ್ಕೊಂಡು ಗಟಗಟ ಕುಡಿದು, ಮಾರಿ ಕಿವುಚಿದ್ಲು.

"ಆ ಕಾಯ್ದೆ ರೊಟ್ಟಿಗಷ್ಟ!"

ಈ ಮಾತನ್ನೂ ಕುಡಿದಾದ ಮ್ಯಾಲ ಹೇಳಿದ್ಲು ನೋಡ್ರಿ.