ಖಾಲಾನ ಅಂಗಳದ ಖೋಲಿ

ನೀರು ಚಿಮುಕಿಸಿದ ಬೀಡಿ ಎಲೆಗೆ ಒಂದು ವಾಸನೆಯಿದೆ. ತಂಬಾಕಿನ ಘಾಟು ಬೇರೆ. ನಿಪ್ಪಾಣಿಯಲ್ಲಿ ಹುಟ್ಟಿದವರು ಅದನ್ನು ವಾಸನೆ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಮಗೆ ಅದು ಗಾಳಿ. ತೊಯ್ದ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಎಲೆಯದು ಹಾಗಲ್ಲ. ತಂಪಾಗಿ, ಒಗರೊಗರಾಗಿ, ಒಂಚೂರು ಮುಗ್ಗಲು ಮುಗ್ಗಲಾಗಿ ಇರುತ್ತದೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಹೆಂಗಸೊಬ್ಬಳು ಅಂಥದೇ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಒಂಬತ್ತು ವರ್ಷದವಳಾದೆ. ಬಸ್ಸು ಬಂತು, ಮಂದಿ ನುಗ್ಗಿ ಹತ್ತಿದರು, ಬಸ್ಸು ಹೋಯಿತು. ನಾನು ಕೂತೇ ಇದ್ದೆ.

ಆ ವರ್ಷ ನಾನೂ ಅವ್ವನೂ ಖೋಲಿ ಹುಡುಕಿದೆವು. ನಮ್ಮ ಕಡೆ ಬಾಡಿಗೆಯ ಒಂಟಿ ಕೋಣೆಗೆ ಖೋಲಿ ಅನ್ನುತ್ತಾರೆ. ಮನೆ ಎಂದು ಕೇಳುವಷ್ಟು ಧೈರ್ಯ ನಮಗಿರಲಿಲ್ಲ. ಅಪ್ಪ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆಂದು ಹೋದವನು ಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ ಬಂದ, ಆಮೇಲೆ ಬರುವುದನ್ನೇ ಬಿಟ್ಟ. ಅವನನ್ನು ನೋಡಿ ಮನೆ ಕೊಟ್ಟಿದ್ದ ಮಾಲಕರು, ಗಂಡಸಿಲ್ಲದ ಮನೆ ನಮಗೆ ಬೇಡ ಎಂದು ಬಿಡಿಸಿದರು. ಶಾಲೆ ಬಿಟ್ಟ ಮೇಲೆ ದಿನಾ ಒಂದೊಂದು ಓಣಿ. ಹೋಗುವ ಮೊದಲು ಅವ್ವ ಬೀಡಿ ಕಟ್ಟಿದ ಕೈಗೆ, ತಂಬಾಕಿನ ಘಾಟು ಹೋಗಲೆಂದು, ನಿಂಬೆಹೋಳು ತಿಕ್ಕಿಕೊಳ್ಳುತ್ತಿದ್ದಳು, ನನ್ನ ತಲೆಯನ್ನೂ ಮೂಸಿ ನೋಡುತ್ತಿದ್ದಳು. ಬಾಗಿಲಲ್ಲಿ ಕೇಳುವ ಪ್ರಶ್ನೆಗಳು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದವು: ಎಷ್ಟು ಮಂದಿ ಅದೀರಿ, ಗಂಡ ಎಲ್ಲಿ, ಬೀಡಿ ಕಟ್ತೀರೇನು. ಮೊದಲೆರಡಕ್ಕೆ ಹೇಗೋ ಉತ್ತರ ಹೊಂದಿಸುತ್ತಿದ್ದ ಅವ್ವ ಮೂರನೆಯದಕ್ಕೆ ಸೋಲುತ್ತಿದ್ದಳು. ಊರು ಬದುಕುವುದು ತಂಬಾಕಿನ ಮೇಲೆ, ಆದರೆ ಅದರ ಧೂಳು ಮಾತ್ರ ಯಾರ ಪಡಸಾಲೆಗೂ ಬರಬಾರದು! ಕಡೆಗೆ ಒಂದು ದಿನ ಅವ್ವ ರಸ್ತೆಯಲ್ಲೇ ನಿಂತು ನನ್ನ ಗದ್ದ ಹಿಡಿದು ಹೇಳಿದಳು: "ಯಾರರ ಕೇಳಿದ್ರ ನಮ್ಮವ್ವ ಹೊಲಿಗಿ ಮಾಡ್ತಾಳ ಅನ್ನು. ಬ್ಯಾರೆ ಏನೂ ಒದರಬ್ಯಾಡ. ಬಾಯಿ ಬಿಟ್ರ ಬಣ್ಣಗೇಡು ನೋಡವಾ."

ಹಾಗೆ ಸಿಕ್ಕಿದ್ದು ಖಾಲಾನ ಅಂಗಳದ ಖೋಲಿ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಆದರೆ ಅವಳು ನಮ್ಮ ಸ್ವಂತ ಚಿಕ್ಕಮ್ಮನಲ್ಲ. ಓಣಿಗೆ ಓಣಿಯೇ ಆ ಮುದುಕಿಯನ್ನು ಖಾಲಾ ಅನ್ನುತ್ತಿತ್ತು, ಅವಳ ಗಂಡನನ್ನು ಬಾಬಾ ಅನ್ನುತ್ತಿತ್ತು. ಅಂಗಳದ ನಡುವೆ ಬೋರೆಗಿಡ, ಅದರಡಿ ಬಾಬಾನ ಮಂಚ, ಒಂದು ಮೂಲೆಗೆ ಬಚ್ಚಲು, ಅದರೆದುರು ನಮ್ಮ ಖೋಲಿ. ಬಾಬಾನಿಗೆ ದಮ್ಮಿನ ರೋಗ. ಉಸಿರೆಳೆದರೆ ಎದೆಯೊಳಗೆ ಹಳೇ ಬಾಗಿಲು ತೆರೆದ ಸದ್ದು ಬರುತ್ತಿತ್ತು. ಖಾಲಾ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಗಂಡನ ಸುದ್ದಿಯನ್ನು ಕೇಳಲೇ ಇಲ್ಲ. "ನಂದು ಒಂದ ಮಾತು ಐತಿ ತಂಗಿ. ತಂಬಾಕು ಈ ಹೊಸ್ತಿಲಾ ದಾಟಬಾರ್ದು. ಇವರ ಜೀವಕ್ಕ ಆಗಂಗಿಲ್ಲ," ಅಂದಳು. ಅವ್ವ ತಲೆ ತಗ್ಗಿಸಿ, "ನಾ ಹೊಲಿಗಿ ಮಾಡ್ತೀನ್ರಿ," ಅಂದಳು. ಖಾಲಾ ಅವ್ವನ ಬೆರಳುಗಳನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಕೀಲಿ ತಂದಳು.

ಒಂದೂವರೆ ವರ್ಷ ಅಲ್ಲಿದ್ದೆವು. ಎಲೆ ನೆನೆಸುವುದು, ಕತ್ತರಿಸುವುದು, ಕಟ್ಟುವುದು ಎಲ್ಲವನ್ನೂ ಅವ್ವ ಹಿಂದಿನ ಓಣಿಯ ಗೆಳತಿ ಶಾಂತಕ್ಕನ ಪಡಸಾಲೆಯಲ್ಲಿ ಮುಗಿಸಿ, ಅಲ್ಲೇ ಕೈಕಾಲು ತೊಳೆದು, ಸೀರೆ ಬದಲಿಸಿ ಮನೆಗೆ ಬರುತ್ತಿದ್ದಳು. ನಗುವ ಸಂಗತಿ ಅಂದರೆ ನಮ್ಮವ್ವನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಖಾಲಾ ಹರಿದ ದಿಂಬಿನ ಚೀಲ, ಬಾಬಾನ ಪೈಜಾಮ ತಂದುಕೊಟ್ಟರೆ "ಆತ್ರಿ, ನಾಳೆ ಕೊಡ್ತೀನಿ" ಎಂದು ಇಸಿದುಕೊಂಡು, ಅವನ್ನು ಸೆರಗಿನಡಿ ಮುಚ್ಚಿಕೊಂಡು ಶಾಂತಕ್ಕನ ಮಷೀನಿಗೆ ಓಡುತ್ತಿದ್ದಳು. "ಎಷ್ಟ ಛಂದ ಹೊಲೀತಿ!" ಎಂದು ಖಾಲಾ ಹೊಗಳಿದಾಗ ನಾನು ನಗು ತಡೆಯಲಾಗದೆ ಬೋರೆಗಿಡದ ಹಿಂದೆ ಹೋಗುತ್ತಿದ್ದೆ. ಆ ಅಂಗಳದ ಸುಖವನ್ನು ಏನೆಂದು ಹೇಳಲಿ? ರಮಜಾನಿನಲ್ಲಿ ಸಂಜೆಯಾದರೆ ಖಾಲಾ ನನಗೆಂದು ಎರಡು ಖರ್ಜೂರ ತೆಗೆದಿಡುತ್ತಿದ್ದಳು. ಹೋಳಿಗೆ ಮಾಡಿದ ದಿನ ಅವ್ವ ಮೊದಲನೆಯದನ್ನು ತುಪ್ಪ ಸುರಿದು ಬಾಬಾನಿಗೆ ಕೊಡುತ್ತಿದ್ದಳು. ಬಾಬಾ ನನ್ನಿಂದ ಕನ್ನಡ ಪಾಠ ಓದಿಸಿ, ನಾನು ತಪ್ಪಿದಾಗಲೆಲ್ಲ ಕೋಲಿನಿಂದ ಮಂಚದ ಕಾಲಿಗೆ ಒಂದೇಟು ಹೊಡೆಯುತ್ತಿದ್ದ. ಕನ್ನಡ ಅವನಿಗೂ ಓದಲು ಬರುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ನನ್ನ ದನಿ ತಡವರಿಸಿದ್ದನ್ನು ಕೇಳಿಯೇ ತಪ್ಪೆಂದು ಗುರುತಿಸುತ್ತಿದ್ದ, ಪುಣ್ಯಾತ್ಮ.

ಎರಡನೆಯ ಮಳೆಗಾಲ ಬಿಡದೆ ಹೊಡೆಯಿತು. ಶಾಂತಕ್ಕನ ಪಡಸಾಲೆಯ ಮಾಡು ಕುಸಿಯಿತು. ಎಲೆ ಒಣಗಿದರೆ ಒಡೆಯುತ್ತದೆ, ಬಹಳ ತೊಯ್ದರೆ ಬೂಸ್ಟು ಹಿಡಿಯುತ್ತದೆ, ಎರಡರಲ್ಲೂ ಕೂಲಿ ಹೋದಂತೆಯೇ. ಅವ್ವ ಎರಡು ದಿನ ಒದ್ದಾಡಿದಳು. ಮೂರನೆಯ ದಿನ ಎಲೆಯ ಗಂಟು, ಕತ್ತರಿ, ತಂಬಾಕು ಹಾಕಿದ ಮೊರ ಎಲ್ಲವನ್ನೂ ಕೌದಿಯಲ್ಲಿ ಸುತ್ತಿ ಖೋಲಿಗೆ ತಂದು ಕದ ಹಾಕಿಕೊಂಡಳು. "ಎರಡ ದಿನದ ಮಾತು. ದೇವರು ಕ್ಷಮಾ ಮಾಡ್ತಾನ," ಅಂದಳು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನನಗೆ ಸದಾ ಹೇಳುತ್ತಿದ್ದವಳೂ ಅವಳೇ.

ಮರುದಿನ ಬೆಳಿಗ್ಗೆ ಅವ್ವ ಕಟ್ಟಿದ ಬೀಡಿ ಕೊಟ್ಟುಬರಲು ಹೋಗಿದ್ದಳು, ಖಾಲಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮಳೆಗೆ ಬಾಬಾನ ಮಂಚ ಬಚ್ಚಲ ಪಕ್ಕದ ಪಡಸಾಲೆಗೆ ಬಂದಿತ್ತು. "ಬೇಟಿ, ನೀರು ಕಾದಾವೇನ ನೋಡು," ಅಂದ. ಹೋಗಿ ನೋಡಿದರೆ ಹಸಿ ಕಟ್ಟಿಗೆ ಹೊಗೆಯಾಡಿ ಬಚ್ಚಲ ಒಲೆ ಆರಿ ಬರೀ ಕೆಂಡ ಉಳಿದಿತ್ತು. ಬೀಡಿ ಕಟ್ಟುವವರ ಮಕ್ಕಳಿಗೆ ಒಂದು ವಿದ್ಯೆ ಹುಟ್ಟಿನಿಂದ ಗೊತ್ತು: ಆರಿದ ಒಲೆಗೆ ಎಲೆಯ ಚೂರು ಹಾಕಿದರೆ ಭಗ್ಗನೆ ಹತ್ತುತ್ತದೆ. ಅಳತೆಗೆ ಕತ್ತರಿಸಿ ಉಳಿದ ಅಂಚುಗಳನ್ನು ನಮ್ಮ ಯಾವ ಮನೆಯಲ್ಲೂ ಚೆಲ್ಲುವುದಿಲ್ಲ. ನಾನು ಖೋಲಿಗೆ ಓಡಿ, ಮೊರದ ಬದಿಗೆ ಬಿದ್ದಿದ್ದ ಒಣಚೂರುಗಳನ್ನು ಎರಡೂ ಕೈಯಿಂದ ಬಾಚಿ ತಂದು ಒಲೆಗೆ ಸುರಿದೆ. ಅದರ ಜೊತೆ ಒಂದು ಹಿಡಿ ತಂಬಾಕೂ ಬಂದಿತ್ತು ಎಂದು ನನಗೆ ತಿಳಿಯಲಿಲ್ಲ. ಉರಿ ಎದ್ದಿತು. ಬಾಬಾ ಶಹಬ್ಬಾಸ್ ಅನ್ನುತ್ತಾನೆಂದು ತಿರುಗಿ ನೋಡಿದರೆ ಅವನು ಕುತ್ತಿಗೆ ಹಿಡಿದುಕೊಂಡು ಮಂಚದಿಂದ ಅರ್ಧ ಜಾರಿದ್ದ. ಕಣ್ಣು ಮೇಲಾಗಿದ್ದವು. ಅಯ್ಯೋ, ಆ ಉಸಿರಿನ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ನನ್ನ ಕಿರುಚಾಟಕ್ಕೆ ಓಣಿಯ ಗಂಡಸರು ಬಂದರು, ಅವನನ್ನು ರಿಕ್ಷಾದಲ್ಲಿ ದವಾಖಾನೆಗೆ ಒಯ್ದರು. ನಾಲ್ಕು ದಿನದ ಮೇಲೆ ಬಾಬಾ ಜೀವಂತ ಬಂದ, ಆದರೆ ಮತ್ತೆ ಅಂಗಳಕ್ಕೆ ಬರಲಿಲ್ಲ. ಅವನನ್ನು ಒಳಗೆ ಮಲಗಿಸಿ ಖಾಲಾ ನಮ್ಮ ಖೋಲಿಯ ಬಾಗಿಲಿಗೆ ಬಂದಳು. ಕೈಯಲ್ಲಿ ಅರೆಸುಟ್ಟ ಎಲೆಚೂರು ಇತ್ತು. "ಒಲಿಗೆ ಇದನ್ನ ಯಾರು ಹಾಕಿದ್ರು?" ಅವ್ವ ನನ್ನನ್ನು ಒಮ್ಮೆ ನೋಡಿದಳು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. "ನಾನ ಹಾಕೀನ್ರಿ," ಅಂದಳು ಅವ್ವ. ಖಾಲಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚಲೋ ಇತ್ತು. "ನೀ ಹೊಲಿಗಿಯಾಕಿ ಅಲ್ಲಂತ ಮೊದಲನೇ ದಿನಾನ ನಿನ್ನ ಬೆರಳು ನೋಡಿ ತಿಳಕೊಂಡಿದ್ದೆ ತಂಗಿ. ಹೊಟ್ಟಿಪಾಡು, ಹೊರಗ ಮಾಡ್ಕೊಳ್ಳಲಿ ಅಂದೆ. ಮನ್ಯಾಗ ತರಂಗಿಲ್ಲಂತ ನಂಬಿದ್ದೆ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾವು ಖೋಲಿ ಬಿಡುವ ದಿನ ಖಾಲಾ ಅವ್ವನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸಕ್ಕೆಂದು ಕೆಂಪಂಚಿನ ಹಸಿರು ಖಣ. ತವರಿನಿಂದ ಹೊರಡುವ ಮಗಳಿಗೆ ತುಂಬುವ ಉಡಿ ಅದು. ಗಂಡ ಬಿಟ್ಟವಳೆಂದು ಸ್ವಂತ ತವರಿನವರೇ ಅದನ್ನು ನಿಲ್ಲಿಸಿದ್ದರು. ಅವ್ವ ಖಾಲಾನ ಪಾದ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ನಾವು ಊರಹೊರಗೆ ಪತ್ರಾಸಿನ ತಗಡಿನ ಶೆಡ್ಡಿನಲ್ಲಿದ್ದೆವು. ಬೇಸಿಗೆಯಲ್ಲಿ ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಿದ್ದೆವು, ಆದರೆ ಏನು ಕೆಲಸ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಎರಡು ವರ್ಷಕ್ಕೆ ಬಾಬಾ ತೀರಿಕೊಂಡ ಸುದ್ದಿ ಬಂತು. ಅವ್ವ ಖಾಲಾನನ್ನು ಮಾತಾಡಿಸಿ ಬರಲು ಹೊರಟು, ಓಣಿಯ ತುದಿಯಲ್ಲಿ ನಿಂತು, ಹಾಗೇ ಮರಳಿದಳು. ಕಳೆದ ಚಳಿಗಾಲ ಅವ್ವನೂ ಹೋದಳು, ಬಾಬಾನಂಥದೇ ದಮ್ಮಿನಲ್ಲಿ. ಅವಳ ಟ್ರಂಕಿನ ತಳದಲ್ಲಿ ಆ ಖಣ ಮಡಿಕೆ ಬಿಚ್ಚದೆ ಹಾಗೇ ಇತ್ತು.

ಬಸ್ಸು ತಪ್ಪಿದ ಮೊನ್ನೆ ನಾನು ಆ ಓಣಿಗೆ ನಡೆದೆ. ಖಾಲಾ ಇದ್ದರೆ ಹೇಳಿಬಿಡಬೇಕು, ಇಷ್ಟು ವರ್ಷದ ಮೇಲಾದರೂ ಅವ್ವನ ಮೇಲಿನ ಮಾತನ್ನು ಇಳಿಸಬೇಕು ಎಂದುಕೊಳ್ಳುತ್ತ ಹೋದೆ. ಬೋರೆಗಿಡ ಇರಲಿಲ್ಲ, ಅಂಗಳವೂ ಇರಲಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡ, ಗೇಟಿಗೆ "ಖೋಲಿ ಬಾಡಿಗೆಗೆ ಇದೆ" ಎಂಬ ಹಲಗೆ. ಎಳೆಯ ವಯಸ್ಸಿನ ಹೆಣ್ಣುಮಗಳು ಹೊರಬಂದಳು. ಖಾಲಾನ ಹೆಸರೇ ಅವಳು ಕೇಳಿರಲಿಲ್ಲ. ಈ ಜಾಗ ಕೈ ಬದಲಾಗಿ ಬಹಳ ವರ್ಷವಾಯಿತಂತೆ. "ಖೋಲಿ ನೋಡಾಕ ಬಂದೀರೇನ್ರಿ? ಎಷ್ಟು ಮಂದಿ ಅದೀರಿ? ಏನು ಕೆಲಸ ಮಾಡ್ತೀರಿ?" ಅಂದಳು.

"ಇಬ್ಬರು ಅದೀವ್ರಿ, ನಾನು, ನಮ್ಮವ್ವ," ಅಂದೆ. "ನಮ್ಮವ್ವ ಬೀಡಿ ಕಟ್ತಾಳ್ರಿ. ಒಲಿಗೆ ಎಲಿ ಹಾಕಿದಾಕಿ ಮಾತ್ರ ನಾನ."

ಅವಳಿಗೆ ಏನೂ ಅರ್ಥವಾಗಲಿಲ್ಲ ಪಾಪ. ಬೀಡಿ ಅಂದದ್ದೊಂದು ಕೇಳಿಸಿತು. "ಖೋಲಿ ಖಾಲಿ ಇಲ್ರಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.