ಪಂಪಕ್ಕನ ಮಧ್ಯಾಹ್ನದ ನಿದ್ದೆ

ಪಂಪಕ್ಕನ ಗೊರಕೆ ಬೀದಿಗೆ ಕೇಳಿಸುತ್ತಿತ್ತು. ಬಳ್ಳಾರಿಯ ನಮ್ಮ ಬಡಾವಣೆಯ ಮಹಿಳಾ ಸೇವಾ ಕ್ಲಬ್ಬಿಗೆ ಸೇರಬೇಕೆಂದು ನಾನು ಮೊದಲ ಸಲ ಹೋದ ಮಧ್ಯಾಹ್ನ, ಅದರ ಅಧ್ಯಕ್ಷೆ ತಗಡಿನ ಶೆಡ್ಡಿನಲ್ಲಿ ಆಸ್ಪತ್ರೆ ಮಂಚದ ಮೇಲೆ ಅಂಗಾತ ಮಲಗಿ ನಿದ್ದೆ ಹೊಡೆಯುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಕಿವಿಯ ತನಕ ಇಳಿದಿತ್ತು. ಪೂಜೆ ಮುಗಿಸಿ, ಮನೆಯವರಿಗೆ ಬಡಿಸಿ, ಬಿಸಿಲಲ್ಲಿ ನಡೆದು ಬಂದವಳಿಗೆ ಇದೆಂಥ ಸೇವೆಯಪ್ಪಾ ಅನ್ನಿಸಿತು. ಫ್ಯಾನಾದರೂ ತಿರುಗುತ್ತಿತ್ತು, ಅಷ್ಟು ದೇವರ ದಯೆ. ಕಾದು ನಿಂತೆ.

ಎದ್ದವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕುಡಿದು, ಆಮೇಲೆ ನನ್ನನ್ನು ನೋಡಿದರು.

"ಸೇರಾಕ ಬಂದೀಯೇನವ್ವಾ? ಭಾಷಣ ಮಾಡಾಕ ಬರತೈತಿ?"

"ಇಲ್ಲರೀ ಅಕ್ಕಾ."

"ಚಲೋ ಆತು. ಮಾಡೋರು ಭಾಳ ಮಂದಿ ಅದಾರ. ಮಂಚದ ಕಾಲು ಹಿಡಿಯೋರು ಬೇಕಾಗ್ಯಾರ. ನಾಳೆ ಬಾ."

ಕ್ಲಬ್ಬಿನಲ್ಲಿ ಅಂಥ ನಾಲ್ಕು ಮಂಚಗಳಿದ್ದವು. ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಮೇಲೇಳುವಂಥವು. ಹಾಸಿಗೆ ಹಿಡಿದವರ ಮನೆಗೆ ಪುಕ್ಕಟೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ತರುವುದು ಪಂಪಕ್ಕನ ಪಾಲಿಗಿತ್ತು. ಅರವತ್ತು ದಾಟಿದ ಆಕೆ ಗಂಡಸರ ಚಪ್ಪಲಿ ಮೆಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಯಾರ ಮನೆಗಾದರೂ ನುಗ್ಗುವರು. ಚಹಾ ಕುಡಿಯುವರು, ಎಷ್ಟು ಕರೆದರೂ ಊಟಕ್ಕೆ ಮಾತ್ರ ಕೂರರು. "ಉಂಡ ಮನ್ಯಾಗ ಮಂಚ ವಾಪಸ್ ಕೊಡ್ರಿ ಅನ್ನಾಕ ಬಾಯಿ ಬರಲ್ಲವ್ವಾ" ಎನ್ನುವರು.

ಮರುದಿನ ಕುರುಗೋಡಿಗೆ ಹೊರಟೆವು. ಸೊಂಟ ಮುರಿದ ಒಬ್ಬ ಅಜ್ಜಿಗೆ ಮಂಚ ಬೇಕಿತ್ತು. ಗೂಡ್ಸ್ ಗಾಡಿಗೆ ಏರಿಸುವಾಗ ಡ್ರೈವರ್ ಹುಸೇನ್ ನನ್ನ ಕಿವಿಯಲ್ಲಿ, "ಹೋದ ವಾರ ಸಿರಿಗೇರಿಯಿಂದ ತಂದಿದ್ದು ಇದ ಮಂಚ ನೋಡ್ರಿ. ಅಲ್ಲಿ ತಾತ ಇದರ ಮ್ಯಾಲೇ ಹೋಗಿಬಿಟ್ರು" ಎಂದ. ನಾನು ಹಿಡಿದಿದ್ದ ಕಾಲಿಗೆ ಸೆರಗು ಸುತ್ತಿ ಹಿಡಿದೆ.

ಅಜ್ಜಿ ಪಡಸಾಲೆಯ ನೆಲದ ಮೇಲೆ ಚಾಪೆಯಲ್ಲಿ ನರಳುತ್ತಿದ್ದಳು. ಸೊಸೆಗೆ ಆಕೆಯನ್ನು ಬಗ್ಗಿ ಎತ್ತಿ ಎತ್ತಿ ಬೆನ್ನು ಹಿಡಿದುಹೋಗಿತ್ತು. ಆದರೂ ಮಂಚ ಹೊಸ್ತಿಲು ದಾಟುವ ಮೊದಲೇ ಅಜ್ಜಿ ಕೈ ಎತ್ತಿದಳು. "ನಿಂದರ್ರಿ. ನನಗಿಂತ ಮೊದಲು ಇದರ ಮ್ಯಾಲ ಮಲಗಿದವ್ರು ಈಗ ಎಲ್ಲಿ ಅದಾರ? ಅದನ್ನ ಹೇಳಿ ಒಳಗ ತರ್ರಿ. ಇಲ್ಲಾಂದ್ರ ನನಗ ನೆಲಾನ ಸಾಕು."

ಸೊಸೆ ನಮ್ಮತ್ತ ಅಳುವ ಮುಖ ಮಾಡಿದಳು. ಪಂಪಕ್ಕ ಮಾತ್ರ ಕಣ್ಣು ಮಿಟುಕಿಸಲಿಲ್ಲ.

"ಎದ್ದು, ಚಾ ಕುಡುದು, ತಮ್ಮ ಕಾಲಮ್ಯಾಲ ತಾವ ನಡಕೊಂಡು ಮನಿಗೆ ಹೋದ್ರವ್ವಾ. ನಿಮ್ಮೂರ ಬಸವಣ್ಣನ ಆಣಿ!"

"ಏನಾಗಿತ್ತು ಅವ್ರಿಗೆ?"

"ಮಣಕಾಲು ನೋವು, ಸಕ್ಕರಿ, ಬಿಪಿ, ಸೊಸಿ ಮಾತು ಕೇಳಲಾರದ ರೋಗ. ಎಲ್ಲಾ ಇತ್ತು."

"ಇಷ್ಟೆಲ್ಲಾ ಇದ್ದೂ ಎದ್ರಾ! ಹಂಗಾದ್ರ ಹಾಕ್ರಿ, ಹಾಕ್ರಿ."

ತಲೆಯ ಕಡೆ ಮೇಲೆದ್ದಾಗ ಅಜ್ಜಿ ರಾಣಿಯಂತೆ ಒರಗಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದಳು. ನನಗೆ ಮಾತ್ರ ಬಸವಣ್ಣನ ಗುಡಿಯತ್ತ ಮುಖವೆತ್ತಲು ಆಗಲಿಲ್ಲ.

ವಾಪಸು ಬರುವಾಗ ಹುಸೇನನ ಪಕ್ಕ ಒತ್ತಿಕೊಂಡು ಕುಳಿತಿದ್ದಾಗ ಹೇಳಿಯೇಬಿಟ್ಟೆ. "ಅಕ್ಕಾ, ನಾ ನಾಳೆಯಿಂದ ಬರಂಗಿಲ್ಲರಿ. ದೇವರ ಮ್ಯಾಲ ಸುಳ್ಳು ಆಣಿ ಮಾಡೋದು ನನಗ ಒಗ್ಗಲ್ಲ. ಸಿರಿಗೇರಿ ತಾತ..."

"ತಾತ ಹೋಗಿ ವಾರ ಆತು. ನಿನ್ನಿ ನೀ ಬಂದಾಗ ಅದರ ಮ್ಯಾಲ ಯಾರು ಮಲಗಿದ್ರು?"

"ನೀವ ಅಲ್ಲರೀ ಅಕ್ಕಾ?"

"ಎದ್ದು ನಾ ಚಾ ಕುಡದ್ನೋ ಇಲ್ಲೋ? ನಡಕೊಂಡು ಮನಿಗೆ ಹೋದ್ನೋ ಇಲ್ಲೋ? ನನಗೇನು ದೇವರ ಅಂಜಿಕಿ ಇಲ್ಲೇನು? ಅದಕ್ಕ ಮಂಚ ತಿರುಗಿ ಬಂದಾಗೆಲ್ಲ ಆ ತಗಡಿನ ಒಲ್ಯಾಗ ಬಿದ್ದು ಬೇಯ್ತೀನಿ. ಮನ್ಯಾಗ ಏಸಿ ಐತಿ, ಗೊತ್ತೇನು?"

ಹುಸೇನ್ ನಗುವ ಭರದಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಬೇಕಾಯಿತು. ನಾನು ಕ್ಲಬ್ಬು ಬಿಡಲಿಲ್ಲ.

ಅಜ್ಜಿ ಕೋಲು ಹಿಡಿದು ನಡೆಯುವಂತಾದಳು. ಆದರೆ ಮಂಚ ಬಿಡಲೊಲ್ಲಳು, ಕಾಲ್ಗುಣ ಚಲೋ ಐತಿ ಎಂಬ ಹಟ. "ಮುಂದಿನವ್ರು ಕೇಳಿದ್ರ ನಿನ್ನ ಹೆಸರ ಹೇಳತೀನಿ ಬಿಡು" ಎಂದು ಪಂಪಕ್ಕ ಹೇಳಿದ ಮೇಲೆಯೇ ಕೈ ಸಡಿಲಾದದ್ದು. ಆ ಸಲ ಅಕ್ಕನಿಗೆ ಶೆಡ್ಡಿನ ನಿದ್ದೆಯ ಕೆಲಸ ತಪ್ಪಿತು.

ಕಳೆದ ಶ್ರಾವಣದಲ್ಲಿ ಪಂಪಕ್ಕ ಹೋದರು. ಬೆಳಗಿನ ಲಿಂಗಪೂಜೆ ಮುಗಿಸಿ ಗೋಡೆಗೆ ಒರಗಿದವರು ಏಳಲಿಲ್ಲ. ಒಂದು ದಿನವೂ ಯಾರ ಮಂಚವನ್ನೂ ಬೇಡಲಿಲ್ಲ, ಅದು ದೊಡ್ಡ ಪುಣ್ಯ. ಅಷ್ಟರಲ್ಲಿ ಹುಸೇನನ ಬಾಯಿಂದ ಅಕ್ಕನ ಗುಟ್ಟು ಊರೂರಿಗೆ ಹಬ್ಬಿತ್ತು. ಇನ್ನು ನಮ್ಮ ಮಂಚ ಯಾರೂ ಮುಟ್ಟುವುದಿಲ್ಲ ಎಂದು ನಾನು ಹೆದರಿದ್ದೆ.

ಮೊನ್ನೆ ದೇಶನೂರಿನಿಂದ ಒಬ್ಬರು ಶೆಡ್ಡಿಗೆ ಬಂದರು. ತಂದೆಗೆ ಲಕ್ವ ಹೊಡೆದಿತ್ತು.

"ಅಕ್ಕಾರ, ಯಾವುದೋ ಒಂದು ಕೊಡಬ್ಯಾಡ್ರಿ. ಪಂಪಕ್ಕಾರು ಮಲಗತಿದ್ರಂತಲ್ಲ, ಆ ಮಂಚನ ಬೇಕು."

ನಾಲ್ಕೂ ಮಂಚಗಳನ್ನು ನೋಡಿದೆ. ಒಂದೇ ಬಣ್ಣ, ಒಂದೇ ಹಿಡಿಕೆ. ಅಕ್ಕ ಎಲ್ಲದರ ಮೇಲೂ ಗೊರಕೆ ಹೊಡೆದಿದ್ದರು. ಬಾಗಿಲಿಗೆ ಹತ್ತಿರವಿದ್ದುದನ್ನು ಮುಟ್ಟಿ, "ಇದ ನೋಡ್ರಿ" ಎಂದೆ.

ಆಣೆ ಮಾಡಿ ಎಂದಿದ್ದರೆ ಧೈರ್ಯವಾಗಿ ಮಾಡುತ್ತಿದ್ದೆ. ಅವರು ಕೇಳಲಿಲ್ಲ, ಮಂಚಕ್ಕೆ ಕೈ ಮುಗಿದು, ಒಂದು ಕಡೆಯ ಕಾಲು ಹಿಡಿದರು. ಇನ್ನೊಂದು ಕಡೆ ನಾನು ಹಿಡಿದೆ.