ನೂರನೆಯ ಬಾನಿ

ಕರುಪ್ಪಯ್ಯ ಸತ್ತ ದಿನವೂ ತೋಟದ ಯಜಮಾನ ವೇಲುಸಾಮಿಯವರ ಬಾವಿ ನಿಲ್ಲಲಿಲ್ಲ. ಏಳು ವರ್ಷ ಆ ಬಾವಿಯಲ್ಲಿ ಕಪಿಲೆ ಹೊಡೆದವನು, ಇಪ್ಪತ್ತೆಂಟನೆಯ ವಯಸ್ಸಿಗೇ ಕಾಮಾಲೆ ಬಂದು ಹೋಗಿಬಿಟ್ಟ. ಹೆಣ ಇನ್ನೂ ಅಂಗಳದಲ್ಲಿದ್ದಾಗಲೇ ಬೇರೊಬ್ಬ ಆಳು ಅದೇ ಎತ್ತುಗಳನ್ನು ಹೂಡಿ ಬಾಳೆಗೆ ನೀರು ಹಾಯಿಸಿದ. ಎತ್ತುಗಳು ನಡೆದವು, ಗಾಲಿ ಕಿರುಗುಟ್ಟಿತು, ಹಾಡು ಮಾತ್ರ ಇರಲಿಲ್ಲ. ಅದು ೧೯೬೩ರ ಮಾಸಿ ತಿಂಗಳು, ಶಿವರಾತ್ರಿಯ ಹೊತ್ತು. ತಮಿಳು ಸೀಮೆಯ ಉತ್ತಮಪಾಳಯಂ ಹತ್ತಿರದ ನಮ್ಮೂರಿನಲ್ಲಿ ಆ ಬೆಳಗನ್ನು ಇನ್ನೂ ಯಾರೂ ಕ್ಷಮಿಸಿಲ್ಲ.

ಕಪಿಲೆ ನೋಡದವರಿಗೆ ಎರಡು ಮಾತು ಹೇಳಬೇಕು. ಬಾವಿಯ ಬಾಯಲ್ಲಿ ಎರಡು ಕಲ್ಲುಕಂಬ, ನಡುವೆ ಗಾಲಿ. ಹಗ್ಗದ ಒಂದು ತುದಿಗೆ ಕಬ್ಬಿಣದ ಬಾನಿ, ಇನ್ನೊಂದು ತುದಿಗೆ ಎತ್ತಿನ ನೊಗ. ಆಳು ಹಗ್ಗದ ಮೇಲೆ ಕೂತು ಎತ್ತುಗಳನ್ನು ಇಳಿಜಾರಿನಲ್ಲಿ ಇಳಿಸಿದರೆ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಅವು ಹಿಂದಕ್ಕೆ ಹತ್ತಿದರೆ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಒಂದು ಸಲ ಎತ್ತು ಹೂಡಿದರೆ ನೂರು ಬಾನಿ ಎಂಬುದು ಊರ ಕಟ್ಟಳೆ. ಆದರೆ ಎಣಿಸುವವರು ತೋಟದ ಯಜಮಾನರು. ಅವರ ನೂರು ಕೆಲವು ದಿನ ನೂರಿಪ್ಪತ್ತರವರೆಗೂ ಹೋಗುತ್ತಿತ್ತು. ಆಳಿಗೂ ಎತ್ತಿಗೂ ಬಾಯಲ್ಲಿ ನೊರೆ.

ಕರುಪ್ಪಯ್ಯ ಹಾಡಿನಲ್ಲೇ ಎಣಿಸುತ್ತಿದ್ದ. ಬಾನಿಗೊಂದು ಸಾಲು. ಎಲ್ಲವೂ ನಾವು ಮನೆಯಲ್ಲಿ ಆಡುವ ಕನ್ನಡದಲ್ಲಿ.

"ಒಂದಾಗಿ ಬಾ ನೀರೇ, ಒಣಗಿದ ಪಾತಿಗೆ,
ಎರಡಾಗಿ ಬಾ ನೀರೇ, ಎತ್ತಿನ ಬಾಯಿಗೆ..."

ಹೀಗೆ ಸಾಗಿ ಕೊನೆಗೆ, "ನೂರಾಗಿ ಬಾ ನೀರೇ, ನೊಗ ಇಳಿಸೋ ಹೊತ್ತಿಗೆ." ಅಲ್ಲಿಗೆ ನೊಗ ಇಳಿಸಿಯೇ ಬಿಡುತ್ತಿದ್ದ. ವೇಲುಸಾಮಿ, "ಇನ್ನೂ ತೊಂಬತ್ತೇ ಆಗಿರೋದು ಕಣೋ" ಎಂದರೆ, "ಹಾಡು ಮುಗೀತು ಮಾಮಾ" ಎಂದಷ್ಟೇ ಹೇಳುವನು. ಹಾಡನ್ನು ಊರೆಲ್ಲ ಕೇಳಿರುತ್ತಿತ್ತು. ಸುಳ್ಳು ಹೇಳುವಂತಿರಲಿಲ್ಲ.

ಅವನ ದನಿ ಸಿಹಿಯಲ್ಲ. ಮೇಲಕ್ಕೆ ಹೋದಾಗ ಒಡೆಯುತ್ತಿತ್ತು. ಆ ಒಡಕು ಕೇಳಿದಾಗ ನಾಟಿ ಮಾಡುವ ಹೆಂಗಸರು ಕೆಸರಿನಲ್ಲೇ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಗಾಡಿಯವರು ಎತ್ತಿನ ಹಗ್ಗ ಎಳೆದು ಹಿಡಿಯುತ್ತಿದ್ದರು. ಒಮ್ಮೆ ನಿಲಕ್ಕೋಟ್ಟೈ ಕಡೆಯ ವಾದ್ಯಾರ್, ನಾಟಕ ಕಲಿಸುವ ಮೇಷ್ಟ್ರು ಒಬ್ಬರು ಕೇಳಿ, "ಗಂಟಲು ಪರವಾಗಿಲ್ಲ. ಆದರೆ ಈ ಭಾಷೆಯನ್ನು ಯಾರು ಕೇಳ್ತಾರೆ? ತಮಿಳಲ್ಲಿ ಹಾಡು, ಕರಕೊಂಡು ಹೋಗ್ತೀನಿ" ಎಂದರು. ಕರುಪ್ಪಯ್ಯ ಎತ್ತಿನ ಬೆನ್ನು ತಟ್ಟಿ, "ಇವು ಕೇಳ್ತವೆ, ಸಾಕು" ಎಂದ. ವಾದ್ಯಾರ್ ಬಸ್ಸು ಹತ್ತಿದರು. ಅವನನ್ನು ಯಾರೂ ಮತ್ತೆ ಕರೆಯಲಿಲ್ಲ.

ಅವನು ಹೋಗಿ ನಾಲ್ಕನೆಯ ವರ್ಷಕ್ಕೆ ಆ ಬಾವಿಗೆ ಕರೆಂಟ್ ಮೋಟಾರು ಬಂತು. ಕೂರಿಸಿದವನು ತಂಗರಾಜ್, ನಮ್ಮೂರಿನ ಮೋಟಾರ್ ಮೆಕ್ಯಾನಿಕ್, ಕರುಪ್ಪಯ್ಯನ ಹಾಡಿನ ಹುಚ್ಚ. ಮರುವರ್ಷದ ಮಾಸಿ ತಿಂಗಳಲ್ಲಿ ಸುದ್ದಿ ಬಂತು: ಶುಕ್ರವಾರ ಕಲ್ಲುಕಂಬಗಳನ್ನು ಕಿತ್ತು ವೇಲುಸಾಮಿಯವರ ಹೊಸ ಮನೆಗೆ ಮೆಟ್ಟಿಲು ಮಾಡುತ್ತಾರಂತೆ.

ತಂಗರಾಜ್ ಓಡಿದ್ದು ವೀರಮ್ಮಾಳ್ ಹತ್ತಿರ. ಆಕೆ ಎಮ್ಮೆಗೆ ಹುಲ್ಲು ಕೊಯ್ಯುತ್ತ ಏಳು ವರ್ಷವೂ ಆ ಬಾವಿಯ ಕಾಲುವೆ ಬದುವಿನಲ್ಲೇ ಇದ್ದವಳು. ನಮ್ಮಲ್ಲಿ ಒಬ್ಬನಿಗೆ ಹತ್ತು ಸಾಲು ಬರುತ್ತಿತ್ತು, ಇನ್ನೊಬ್ಬನಿಗೆ ಇಪ್ಪತ್ತು. ನೂರೂ ಇದ್ದದ್ದು ಆಕೆಯೊಬ್ಬಳಲ್ಲಿ.

"ಅಕ್ಕಾ, ಹೇಳು, ಬರಕೊಳ್ಳೋಣ."

"ಮನೇಲಿ ಕೂತು ಎಷ್ಟು ಸಲ ಹೇಳಿ ನೋಡಿದ್ದೀನಿ ತಂಬಿ. ಅರವತ್ತಕ್ಕೆ ನಿಂತುಹೋಗುತ್ತೆ. ಎತ್ತು ನಡೆದರೆ ಹಾಡು ನಡೆಯುತ್ತೆ. ಕಂಬ ಕಿತ್ತರೆ ಮುಗೀತು."

ಅವರಿಬ್ಬರೂ ಹೋಗಿ ಕೇಳಿದರು, ಒಂದೇ ಒಂದು ಬೆಳಗ್ಗೆ ಕೊಡಿ ಎಂದು. ವೇಲುಸಾಮಿ ವೀಳ್ಯ ಉಗಿದು, "ಸತ್ತವನ ಕೂಗಾಟಕ್ಕೆ ನನ್ನ ಎತ್ತು ಯಾಕೆ ದಣೀಬೇಕು?" ಎಂದರು.

ಗುರುವಾರ ಬೆಳಗ್ಗೆ ಮೋಟಾರು ಏಳಲಿಲ್ಲ. ಬಾಳೆ ಬಾಯಾರಿ ನಿಂತಿತ್ತು. ವೇಲುಸಾಮಿ ಬಾವಿಗೆ ಬಂದರೆ ಅಲ್ಲಿ ಊರಿನ ಅರ್ಧ ಜನ. ತಂಗರಾಜ್ ಅಂಗಿಯ ಜೇಬಿನಿಂದ ಮೂರು ಪಿಂಗಾಣಿ ಫ್ಯೂಸು ತೆಗೆದು ತೋರಿಸಿದ.

"ನೂರು ಬಾನಿ ಆದಮೇಲೆ ಹಾಕ್ತೀನಿ ಮಾಮಾ."

"ಪೊಲೀಸಿಗೆ ಹೇಳ್ತೀನಿ ಲೇ!"

"ಹೇಳಿ. ಅವರು ಉತ್ತಮಪಾಳಯದಿಂದ ಸೈಕಲ್ ತುಳಿದು ಬರೋದರೊಳಗೆ ನೂರು ಮುಗಿಯುತ್ತೆ. ನಿಮ್ಮ ಬಾಳೆನೂ ನೆನೆಯುತ್ತೆ."

ಜನ ನಕ್ಕರು. ಬಾಡುತ್ತಿದ್ದ ಎಲೆಗಳನ್ನು ನೋಡಿ ವೇಲುಸಾಮಿ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ಹಳೆಯ ಕಪಿಲೆ ಎತ್ತುಗಳು ಬಂದವು, ತುಕ್ಕು ಹಿಡಿದ ಬಾನಿಯೂ ಬಂತು. ಆದರೆ ವೀರಮ್ಮಾಳ್ ಸೀರೆ ಎತ್ತಿ ಕಟ್ಟಿ ಇಳಿಜಾರಿಗೆ ಕಾಲಿಟ್ಟಾಗ ಅವರು ಅಡ್ಡ ನಿಂತರು.

"ಹೆಂಗಸು ಕಪಿಲೆ ದಾರಿ ತುಳಿದರೆ ಬಾವಿಯ ಊಟೆ ಬತ್ತುತ್ತೆ. ಗೊತ್ತಿಲ್ವಾ ನಿನಗೆ?"

"ಒಂದೇ ವರ್ಷಕ್ಕೆ ನೀರು ಎರಡು ಆಳುದ್ದ ಇಳಿದಿದೆಯಲ್ಲ. ಆ ಮೋಟಾರು ಹೆಂಗಸಾ ಮಾಮಾ?"

ವೇಲುಸಾಮಿ ದಾರಿ ಬಿಟ್ಟು ಕಾಲುವೆಯ ಕಡೆ ನಡೆದರು. ಆಕೆ ಹಗ್ಗದ ಮೇಲೆ ಕೂತು ಎತ್ತುಗಳನ್ನು ಬಿಟ್ಟಳು.

ಮೊದಲ ಹತ್ತು ಬಾನಿ ದನಿ ನಡುಗುತ್ತಿತ್ತು. ಎತ್ತುಗಳು ಮಾತ್ರ ಏನೂ ಮರೆತಿರಲಿಲ್ಲ. ಸಾಲು ಮುಗಿಯುವಲ್ಲಿ ತಾವೇ ನಿಂತು, ತಾವೇ ಹಿಂದಕ್ಕೆ ಹತ್ತಿದವು. ಮೂವತ್ತು ದಾಟಿತು. ಐವತ್ತು ದಾಟಿತು. ಬಿಸಿಲು ಏರಿತು. ಅರವತ್ತಾಯಿತು. ತಂಗರಾಜ್ ತೊಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಎತ್ತುಗಳು ಮೇಲೆ ಹತ್ತಿ ನಿಂತವು. ಆಕೆಯ ಬಾಯಿ ತೆರೆದೇ ಇತ್ತು, ದನಿ ಇಲ್ಲ. ಒಂಟಿ ಕೊಂಬಿನ ಎತ್ತು ಕಾಯಲಾರದೆ ಒಂದು ಹೆಜ್ಜೆ ಮುಂದಿಟ್ಟಿತು. ಆ ಹೆಜ್ಜೆಯ ಜೊತೆಗೇ ಸಾಲು ಬಂತು.

"ಅರವತ್ತೊಂದಾಗಿ ಬಾ ನೀರೇ, ಅಳಲಾರದವರ ಕಣ್ಣಿಗೆ."

ಅವನ ದನಿ ಒಡೆಯುತ್ತಿದ್ದ ಜಾಗದಲ್ಲೇ ಆಕೆಯದೂ ಒಡೆಯಿತು. ಅವನ ಹೆಣದ ಮುಂದೆ ಅಳದೆ ಕಲ್ಲಿನಂತೆ ಕೂತಿದ್ದ ಅವನ ತಾಯಿ ಮಾರಿಯಮ್ಮಾಳ್ ಅಂದು ಸೆರಗಿನಿಂದ ಮುಖ ಒರೆಸಿಕೊಂಡರು. ಅಲ್ಲಿಂದ ಮುಂದೆ ವೀರಮ್ಮಾಳ್ ಎಲ್ಲೂ ತಡವರಿಸಲಿಲ್ಲ. ತೊಟ್ಟಿಯ ಸುತ್ತ ನಿಂತವರು ಪ್ರತಿ ಸಾಲನ್ನೂ ತಿರುಗಿ ಹಾಡಿದರು. ನೂರನೆಯ ಸಾಲಿಗೆ ಆಕೆ ಕೆಳಗಿಳಿದು ನೊಗದ ಕಣ್ಣಿ ಬಿಚ್ಚಿದಳು.

ಕಾಲುವೆಯ ಕೊನೆಯಿಂದ ವೇಲುಸಾಮಿ ಕೂಗಿದರು: "ಏಯ್, ಕೊನೇ ನಾಲ್ಕು ಪಾತಿಗೆ ನೀರು ಮುಟ್ಟಿಲ್ಲ! ಇನ್ನೊಂದು ಹತ್ತು ಬಾನಿ ಎಳಿ!"

ವೀರಮ್ಮಾಳ್ ಎತ್ತಿನ ಕೊರಳು ತುರಿಸುತ್ತ, ಇಡೀ ತೋಟಕ್ಕೆ ಕೇಳುವಂತೆ ಹೇಳಿದಳು: "ಹಾಡು ಮುಗೀತು ಮಾಮಾ."

ತಂಗರಾಜ್ ಫ್ಯೂಸುಗಳನ್ನು ಅವರ ಕೈಗೆ ಎಣಿಸಿ ಕೊಟ್ಟ.

ಮರುದಿನ ಕಂಬಗಳನ್ನು ಕಿತ್ತರು. ಈಗ ಅವು ವೇಲುಸಾಮಿಯವರ ಮನೆಯ ಮೆಟ್ಟಿಲು. ಕಿತ್ತರೆ ಏನಂತೆ. ಅಂದು ತೊಟ್ಟಿಯ ಸುತ್ತ ನಿಂತಿದ್ದ ಹೆಂಗಸರು ಆ ವರ್ಷ ಭತ್ತದ ಮಡಿಯಲ್ಲಿ ಸಸಿ ಕಿತ್ತು ಕಟ್ಟುವಾಗ ಕಟ್ಟಿಗೊಂದು ಸಾಲು ಹಾಡಿದರು. ಇವತ್ತಿಗೂ ಹಾಡುತ್ತಾರೆ. ನೂರನೆಯ ಸಾಲು ಮುಗಿದಾಗ ಬದುವಿನ ಮೇಲೆ ನಿಂತ ಯಜಮಾನ ಇನ್ನೂ ತೊಂಬತ್ತೇ ಕಟ್ಟು ಎನ್ನುತ್ತಾನೆ. ಅವರು ಕೆಸರು ಕೈ ತೊಳೆದುಕೊಂಡು ಮೇಲೆ ಹತ್ತುತ್ತಾರೆ.